ಹಾಡಿಸಿದವರ ಹುಡುಕಾಟ

ಬಸವಕಲ್ಯಾಣದ ಹಳೆಯ ಓಣಿಯೊಂದರ ಗುಡಿ. ಸೋಮವಾರದ ರಾತ್ರಿ, ಭಜನೆ ನಡೆದಿತ್ತು. ಒಂದು ಹಾರ್ಮೋನಿಯಂ, ಒಂದು ಜೋಡಿ ತಬಲಾ, ಆರೇಳು ಜೊತೆ ತಾಳ. ನಟ್ಟನಡುವೆ ಕೂತಿದ್ದ ಹಿರಿಯರ ಕೈಯಲ್ಲಿ ಮಾತ್ರ ಏನೂ ಇರಲಿಲ್ಲ. ಸೊಲ್ಲು ಎತ್ತುವವರು ಅವರು. ಮೊದಲ ಸಾಲನ್ನು ಒಬ್ಬರೇ ಹಾಡಿ ಬಿಟ್ಟರೆ ಉಳಿದವರು ಹಿಡಿಯುತ್ತಿದ್ದರು. ಹುಡುಗರ ತಾಳ ಓಡತೊಡಗಿದರೆ ಅಂಗೈಯನ್ನು ನೆಲಕ್ಕೆ ಮುಖ ಮಾಡಿ ಮೆಲ್ಲಗೆ ಒತ್ತುತ್ತಿದ್ದರು, ಓಟ ತಗ್ಗುತ್ತಿತ್ತು. ಹಾಡು ಮುಗಿಸಬೇಕೆಂದಾಗ ತಬಲಾದವನ ಕಡೆ ಒಮ್ಮೆ ಗದ್ದ ಎತ್ತಿದರೆ ಸಾಕು, ಎಲ್ಲರೂ ಒಂದೇ ಪೆಟ್ಟಿಗೆ ನಿಂತುಬಿಡುತ್ತಿದ್ದರು. ಆಮೇಲೆ ಐದು ನಿಮಿಷ ಮಾತು. ಈಗ ಹಾಡಿದ್ದರ ಅರ್ಥ, ಊರಿನ ಒಂದು ಸುದ್ದಿ, ಹಳೆಯ ಶರಣರೊಬ್ಬರ ಕಥೆ. ಮಾತಿನ ಕಡೆಯ ಪದ ಯಾವುದೋ ಅದರಿಂದಲೇ ಮುಂದಿನ ಹಾಡು ಎದ್ದು ಬರುತ್ತಿತ್ತು.

ಮಂಗಳಾರತಿ ಆದ ಮೇಲೆ ಅವರು ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ನಾನು ಚಾಲುಕ್ಯರ ಕಾಲದ ಸಂಗೀತದ ಬಗ್ಗೆ ಓದುತ್ತಿದ್ದೇನೆಂದು ಯಾರೋ ಹೇಳಿದ್ದರು.

“ಸರ್, ನಮ್ಮ ಊರಾಗ ರಾಜರು ಸಂಗೀತದ ಪುಸ್ತಕ ಬರದಾರಂತ. ಹಾಡಾವ್ರು ಇದ್ರು, ಕುಣಿಯಾವ್ರು ಇದ್ರು ಅಂತ ನೀವೆಲ್ಲ ಹೇಳ್ತೀರಿ. ಹಾಡ್ಸಾವ್ರು ಯಾರಿದ್ರು? ಅವರ ಹೆಸರೇನರ ಸಿಕ್ಕದೇನ್ರಿ?”

“ಇಲ್ಲ ಕಾಕಾ, ಅದನ್ನ ನಾನು ಹುಡುಕಿಲ್ಲ” ಎಂದೆ.

ಅಲ್ಲಿಯವರೆಗೂ ನಾನು ರಾಗಗಳ ಪಟ್ಟಿ ಮಾಡಿದ್ದೆ, ವಾದ್ಯಗಳ ಪಟ್ಟಿ ಮಾಡಿದ್ದೆ. ಇಪ್ಪತ್ತು ಮಂದಿಯ ಕೊರಳನ್ನು ಒಂದು ಮಾಡುವವನೊಬ್ಬ ಬೇಕಾಗುತ್ತದೆ, ಅದೂ ಒಂದು ಬಾಳಿನ ದುಡಿಮೆ ಎಂಬುದು ಹೊಳೆದೇ ಇರಲಿಲ್ಲ. ಹಾಡಿದವರನ್ನೂ ಹಾಡು ಕಟ್ಟಿದವರನ್ನೂ ಬಿಟ್ಟು, ಹಾಡಿಸಿದವರ ಬೆನ್ನು ಹತ್ತಿದ್ದು ಆ ರಾತ್ರಿಯಿಂದ.

ಮೊದಲು ತೆರೆದದ್ದು ‘ಮಾನಸೋಲ್ಲಾಸ’. ‘ಅಭಿಲಷಿತಾರ್ಥ ಚಿಂತಾಮಣಿ’ ಎಂಬುದು ಅದರ ಇನ್ನೊಂದು ಹೆಸರು. ಕರ್ತೃ ಕಲ್ಯಾಣದ ದೊರೆ ಮೂರನೆಯ ಸೋಮೇಶ್ವರ. ಆರನೆಯ ವಿಕ್ರಮಾದಿತ್ಯನ ಮಗ. ಭೂಲೋಕಮಲ್ಲ, ಸರ್ವಜ್ಞ ಎಂದೆಲ್ಲ ಕರೆಸಿಕೊಂಡವನು. ಅರಮನೆಯ ಅಡುಗೆಯಿಂದ ಆನೆ ಪಳಗಿಸುವ ತನಕ ಎಲ್ಲವೂ ಇರುವ ಈ ಸಂಸ್ಕೃತ ಗ್ರಂಥದಲ್ಲಿ ಐದು ವಿಂಶತಿಗಳು, ವಿಂಶತಿಗೆ ಇಪ್ಪತ್ತರಂತೆ ನೂರು ಅಧ್ಯಾಯಗಳು. ಗ್ರಂಥ ಯಾವ ವರ್ಷದ್ದು ಎಂದು ತಿಳಿಯುವುದು ಸಂಗೀತದ ಭಾಗದಿಂದಲ್ಲ, ಜ್ಯೋತಿಷದ ಲೆಕ್ಕದಿಂದ. ಗ್ರಹಗಳ ಗಣಿತಕ್ಕೆ ಒಂದು ಆರಂಭದ ದಿನ ಬೇಕಲ್ಲವೇ? ಅಲ್ಲಿ ಶಕ 1051ನೆಯ ಸೌಮ್ಯ ಸಂವತ್ಸರದ ಚೈತ್ರವನ್ನು ಹಿಡಿಯಲಾಗಿದೆ. ಅಂದರೆ ಕ್ರಿ.ಶ. 1129. ಆರ್. ಜಿ. ಭಂಡಾರಕರರು ದಖ್ಖನಿನ ಇತಿಹಾಸ ಬರೆಯುವಾಗಲೇ ಈ ಸಾಲನ್ನು ಗುರುತಿಸಿದ್ದರು. ಸಂಗೀತದ ಇತಿಹಾಸಕ್ಕೆ ಇಷ್ಟು ಖಚಿತವಾದ ವರ್ಷ ಸಿಗುವುದು ಬಲು ಅಪರೂಪ.

ಆದರೆ ಈ ಗ್ರಂಥದ ಸಂಗೀತ ಭಾಗ ಅಚ್ಚಿನಲ್ಲಿ ಓದುಗರ ಕೈಗೆ ಬರಲು ಬಹಳ ಕಾಲ ಹಿಡಿಯಿತು. ಬರೋಡಾದ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯಲ್ಲಿ ಜಿ. ಕೆ. ಶ್ರೀಗೊಂಡೇಕರರು ಸಂಪಾದಿಸಿದ ಮೊದಲ ಸಂಪುಟ ಬಂದದ್ದು 1925ರಲ್ಲಿ, ಎರಡನೆಯದು 1939ರಲ್ಲಿ. ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು 1926ರಲ್ಲಿ ಮೊದಲ ಭಾಗವನ್ನು ಹೊರತಂದರು. ಕೌಟಿಲ್ಯನ ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಶಾಮಶಾಸ್ತ್ರಿಗಳೇ ಇವರು. ಗೀತ, ವಾದ್ಯ, ನೃತ್ಯಗಳಿರುವ ಬರೋಡಾದ ಮೂರನೆಯ ಸಂಪುಟ ಮಾತ್ರ 1961ರವರೆಗೆ ಕಾಯಿಸಿತು. ಮೊದಲ ಸಂಪುಟವನ್ನು ಕೊಂಡ ಓದುಗ ಹಾಡಿನ ಅಧ್ಯಾಯ ತೆರೆಯಲು 36 ವರ್ಷ ತಾಳಬೇಕಾಯಿತು. ನಮ್ಮ ಹಿಂದಿನ ತಲೆಮಾರಿನ ಎಷ್ಟೋ ಕನ್ನಡ ವಿದ್ವಾಂಸರು ಕಲ್ಯಾಣದ ಬಗ್ಗೆ ಬರೆಯುವಾಗ ಯುದ್ಧ, ದಾನ, ಧರ್ಮಗಳಿಗೆ ಕೊಟ್ಟ ಜಾಗವನ್ನು ಸಂಗೀತಕ್ಕೆ ಕೊಡದಿದ್ದುದಕ್ಕೆ ಇದೂ ಒಂದು ಕಾರಣವಿರಬೇಕು ಎಂದು ನನಗನ್ನಿಸುತ್ತದೆ.

ನಾಲ್ಕನೆಯ ವಿಂಶತಿಯ ಹೆಸರು ವಿನೋದ. ರಾಜ ಹೊತ್ತು ಕಳೆಯುವ ಇಪ್ಪತ್ತು ಬಗೆಗಳನ್ನು ಅದು ಹೇಳುತ್ತದೆ. ಆನೆ ಓಟ, ಕುದುರೆ ಓಟ, ಮಲ್ಲಯುದ್ಧ, ಕೋಳಿ ಕಾಳಗ, ಟಗರಿನ ಕಾಳಗ, ಮೀನು ಹಿಡಿಯುವುದು, ಬೇಟೆ. ಇವೆಲ್ಲ ಮುಗಿದ ಮೇಲೆ 16ನೆಯದಾಗಿ ಗೀತವಿನೋದ, ಮುಂದೆ ವಾದ್ಯ, ನೃತ್ಯ, 19ನೆಯದು ಕಥಾವಿನೋದ. ಹಾಡು, ಬಾರಿಸುವುದು, ಕುಣಿತ, ಅದರ ಬೆನ್ನಿಗೇ ಕಥೆ ಹೇಳುವುದು. ಗುಡಿಯಲ್ಲಿ ಕಾಕಾ ಮಾಡುತ್ತಿದ್ದ ಕೆಲಸದ ಕ್ರಮವೂ ಹೆಚ್ಚುಕಡಿಮೆ ಇದೇ. ಈ ಹೋಲಿಕೆ ಕಂಡ ದಿನ ಬಹಳ ಉತ್ಸಾಹವಾಯಿತು. ಆಮೇಲೆ ತಡೆದುಕೊಂಡೆ. ಅಧ್ಯಾಯಗಳು ಸಾಲಾಗಿ ಬಂದವೆಂದ ಮಾತ್ರಕ್ಕೆ ಅವು ಒಂದೇ ರಾತ್ರಿಯಲ್ಲಿ, ಒಬ್ಬನ ಬಾಯಲ್ಲಿ ನಡೆಯುತ್ತಿದ್ದವು ಎನ್ನಲು ಬರುವುದಿಲ್ಲ.

ಗೀತವಿನೋದದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಹಾಡಿನ ಬಗೆಗಳ ಪಟ್ಟಿ. ಅರಮನೆಯಲ್ಲಿ ಕೂತ ದೊರೆ ಹೊಲ, ಅಂಗಳಗಳ ಹಾಡನ್ನು ಕಿವಿಗೊಟ್ಟು ಕೇಳಿದ್ದಾನೆ. ತ್ರಿಪದಿ ಧಾನ್ಯ ಕುಟ್ಟುವಾಗಿನ ಹಾಡು, ಷಟ್ಪದಿ ಕಥೆ ಹೇಳುವವರದು, ಧವಳ ಮದುವೆಯದು, ಚರ್ಚರಿ ಹೋಳಿಯದು, ಚರ್ಯಾ ಧ್ಯಾನಿಗಳದು. ಯಾವ ಹಾಡು ಯಾರದು, ಯಾವ ಕೆಲಸದ್ದು ಎಂದು ಬಿಡಿಸಿ ಹೇಳುವ ಈ ಕ್ರಮ ನಮ್ಮ ಜನಪದ ಹಾಡು ಸಂಗ್ರಹಿಸುವವರು 20ನೆಯ ಶತಮಾನದಲ್ಲಿ ಅನುಸರಿಸಿದ ಕ್ರಮವೇ. ಕಲ್ಯಾಣದ ಸುತ್ತ ಇಂದಿಗೂ ಬೀಸುಕಲ್ಲಿನ ಹಾಡು ಬಲ್ಲ ಅಜ್ಜಿಯರಿದ್ದಾರೆ. ಅವರ ಹಾಡು ತ್ರಿಪದಿಯಲ್ಲೇ ಇದೆ. ಅಲ್ಲದೆ ಸೋಮೇಶ್ವರ ಒಂದೇ ಭಾಷೆಯ ಹಾಡುಗಳನ್ನು ಉದಾಹರಿಸುವುದಿಲ್ಲ. ಸಂಸ್ಕೃತದ ಜೊತೆಗೆ ದೇಶಭಾಷೆಗಳೂ ಬರುತ್ತವೆ. ಮರಾಠಿಯ ಅತಿ ಹಳೆಯ ಸಾಲುಗಳನ್ನು ಹುಡುಕುವವರೂ ಈ ಗ್ರಂಥದ ಬಾಗಿಲು ತಟ್ಟುತ್ತಾರೆ.

ಇಷ್ಟೆಲ್ಲ ಸಿಕ್ಕರೂ, ಹಾಡಿಸುವವನ ಹೆಸರು ಸಿಗಲಿಲ್ಲ.

ಎರಡನೆಯ ಪುಸ್ತಕ ‘ಸಂಗೀತ ಚೂಡಾಮಣಿ’. ಸೋಮೇಶ್ವರನ ಮಗ ಎರಡನೆಯ ಜಗದೇಕಮಲ್ಲನದು. 1138ರ ಸುಮಾರಿಗೆ ಪಟ್ಟಕ್ಕೆ ಬಂದವನು ಈತ. ಗ್ರಂಥ ಪೂರ್ತಿ ಉಳಿದಿಲ್ಲ, ಉಳಿದಷ್ಟನ್ನು ಡಿ. ಕೆ. ವೇಲಣಕರರು 1958ರಲ್ಲಿ ಬರೋಡಾ ಮಾಲೆಯಲ್ಲೇ ಪ್ರಕಟಿಸಿದರು. ಇಲ್ಲಿ ಹೊಸದಾಗಿ ಹುಡುಕುವವರಿಗೆ ಒಂದು ಎಚ್ಚರಿಕೆಯ ಮಾತು. ಕಲ್ಯಾಣ ಚಾಲುಕ್ಯರಲ್ಲಿ ಸೋಮೇಶ್ವರರು ನಾಲ್ವರು. ಜಗದೇಕಮಲ್ಲ ಎಂಬುದು ನೂರು ವರ್ಷ ಮೊದಲು ಆಳಿದ ಎರಡನೆಯ ಜಯಸಿಂಹನ ಬಿರುದೂ ಹೌದು. ಸೂಚಿಗಳಲ್ಲಿ ಇವರೆಲ್ಲ ಒಬ್ಬರ ಮೈಮೇಲೊಬ್ಬರು ಬಿದ್ದಿರುತ್ತಾರೆ. ಊರಿನ ಹೆಸರೂ ಹಾಗೆಯೇ. ನಿಜಾಮರ ಕಾಲದ ಕಾಗದಗಳಲ್ಲಿ ಇದು ‘ಕಲ್ಯಾಣಿ’. ಒಂದು ಗ್ರಂಥಾಲಯದ ಪಟ್ಟಿಯಲ್ಲಂತೂ ನಮ್ಮ ಕಲ್ಯಾಣದ ಪುಸ್ತಕಗಳು ಮುಂಬಯಿ ಬಳಿಯ ಕಲ್ಯಾಣದ ಕೆಳಗೆ ಸೇರಿಹೋಗಿದ್ದವು. ಎರಡು ದಿನ ಖಾಲಿ ಕೈಯಲ್ಲಿ ಹಿಂದಿರುಗಿದ ಮೇಲೆ ಅದು ಗೊತ್ತಾಯಿತು.

ತಂದೆ-ಮಗ ಇಬ್ಬರ ಗ್ರಂಥವೂ ಮುಂದಿನವರಿಗೆ ಪ್ರಮಾಣವಾಯಿತು. ದೇವಗಿರಿಯ ಯಾದವ ಸಿಂಘಣನ ಆಸ್ಥಾನದಲ್ಲಿ 13ನೆಯ ಶತಮಾನದ ಮೊದಲ ಭಾಗದಲ್ಲಿ ‘ಸಂಗೀತ ರತ್ನಾಕರ’ ಬರೆದ ಶಾರ್ಙ್ಗದೇವ ತನ್ನ ಹಿಂದಿನ ಆಚಾರ್ಯರನ್ನು ನೆನೆಯುತ್ತ ಪರಮರ್ದಿ, ಸೋಮೇಶ, ಜಗದೇಕಮಹೀಪತಿ ಎಂದು ಮೂರು ಹೆಸರನ್ನು ಒಟ್ಟಿಗೆ ಹೇಳುತ್ತಾನೆ. ಕಡೆಯ ಇಬ್ಬರು ನಮ್ಮವರು. ಪರಮರ್ದಿಯನ್ನೂ ಪೆರ್ಮಾಡಿ ಎಂದರೆ ಆರನೆಯ ವಿಕ್ರಮಾದಿತ್ಯನೆಂದು ಗುರುತಿಸುವ ವಿದ್ವಾಂಸರಿದ್ದಾರೆ. ಹಾಗೆ ಒಪ್ಪಿದರೆ ಅಜ್ಜ, ಮಗ, ಮೊಮ್ಮಗ ಮೂವರೂ ಒಂದೇ ಸಾಲಿನಲ್ಲಿ ಕೂರುತ್ತಾರೆ. ಕಾಶ್ಮೀರದಿಂದ ವಲಸೆ ಬಂದ ಮನೆತನದ ಶಾರ್ಙ್ಗದೇವ ಕಲ್ಯಾಣದ ನೆನಪನ್ನು ದೇವಗಿರಿಗೆ ಒಯ್ದು ಕಾಪಾಡಿದ. ಕಲ್ಯಾಣ ಅಷ್ಟರಲ್ಲಿ ಬರಿದಾಗಿತ್ತು.

ನನ್ನ ಹುಡುಕಾಟಕ್ಕೆ ಬಾಗಿಲು ತೆರೆದದ್ದು ಈ ರತ್ನಾಕರವೇ. ಅದರ ವಾದ್ಯಾಧ್ಯಾಯದಲ್ಲಿ ಮದ್ದಳೆಗಾರರನ್ನು ನಾಲ್ಕು ಬಗೆ ಮಾಡಿದೆ: ವಾದಕ, ಮುಖರಿ, ಪ್ರತಿಮುಖರಿ, ಗೀತಾನುಗ. ಇವರಲ್ಲಿ ಮುಖರಿ ಎಂಬಾತ ಮುಂದಾಳು. ಗೀತ, ವಾದ್ಯ, ನೃತ್ತ ಮೂರನ್ನೂ ಬಲ್ಲವನು, ವಾದ್ಯಪ್ರಬಂಧಗಳನ್ನು ಕಟ್ಟಬಲ್ಲವನು, ಉಳಿದವರನ್ನು ನಡೆಸುವವನು. ಪ್ರತಿಮುಖರಿ ಅವನ ಜೊತೆ ನಿಂತು ಅನುಸರಿಸುವವನು. ಈ ಪದ ನನ್ನ ಟಿಪ್ಪಣಿ ಚೀಟಿಗಳಲ್ಲಿ ತಿಂಗಳುಗಟ್ಟಲೆ ಬೇರೆಡೆ ಬಿದ್ದಿತ್ತು. ಮುಖಾರಿ ಎಂಬ ರಾಗವಿದೆಯಲ್ಲ, ಅದರ ಜೊತೆ ಸೇರಿಸಿಬಿಟ್ಟಿದ್ದೆ. ಮಾನವಲ್ಲಿ ರಾಮಕೃಷ್ಣ ಕವಿಗಳು 1951ರಲ್ಲಿ ತಿರುಪತಿಯಿಂದ ಪ್ರಕಟಿಸಿದ ‘ಭರತಕೋಶ’ವನ್ನು ತಿರುವಿಹಾಕುವಾಗ ರಾಗ ಬೇರೆ, ಆಳು ಬೇರೆ ಎಂಬುದು ಕಣ್ಣಿಗೆ ಬಿತ್ತು. ಅಲ್ಲಿಂದ ಹಳೆಯ ಚೀಟಿಗಳನ್ನೆಲ್ಲ ಮತ್ತೆ ಮೊದಲಿನಿಂದ ನೋಡಿದೆ.

ಕಾಕಾನ ಪ್ರಶ್ನೆಗೆ ಮೊದಲ ಉತ್ತರ ಸಿಕ್ಕಿತ್ತು. ಹೆಸರಲ್ಲ, ಹುದ್ದೆ.

ಅದೇ ಗ್ರಂಥದ ಪ್ರಕೀರ್ಣಕಾಧ್ಯಾಯದಲ್ಲಿ ವೃಂದದ ವಿಚಾರವಿದೆ. ಹಾಡುವವರೂ ಬಾರಿಸುವವರೂ ಕೂಡಿದ ಮೇಳಕ್ಕೆ ವೃಂದವೆಂದು ಹೆಸರು. 1952ರಲ್ಲಿ ಆಕಾಶವಾಣಿ ದೆಹಲಿಯಲ್ಲಿ ತನ್ನ ದೊಡ್ಡ ಮೇಳ ಕಟ್ಟಿ, ರವಿಶಂಕರ್ ಮತ್ತು ಟಿ. ಕೆ. ಜಯರಾಮ ಅಯ್ಯರ್ ಅವರಿಗೆ ಅದನ್ನು ನಡೆಸುವ ಹೊಣೆ ಕೊಟ್ಟಾಗ ‘ವಾದ್ಯವೃಂದ’ ಎಂದು ಕರೆದದ್ದು ಈ ಹಳೆಯ ಪದವನ್ನೇ ಎತ್ತಿಕೊಂಡು. ಶಾರ್ಙ್ಗದೇವ ತಲೆಯೆಣಿಕೆ ಕೊಡುತ್ತಾನೆ. ಉತ್ತಮ ವೃಂದದಲ್ಲಿ ನಾಲ್ವರು ಮುಖ್ಯಗಾಯಕರು, ಎಂಟು ಜನ ಸಮಗಾಯಕರು, ಹನ್ನೆರಡು ಗಾಯಕಿಯರು, ನಾಲ್ವರು ಕೊಳಲಿನವರು, ನಾಲ್ವರು ಮದ್ದಳೆಯವರು. ಮಧ್ಯಮ ವೃಂದ ಇದರ ಅರ್ಧ. ಕನಿಷ್ಠ ವೃಂದದಲ್ಲಿ ಒಬ್ಬನೇ ಮುಖ್ಯಗಾಯಕ, ಜೊತೆಗೆ ಮೂವರು ಸಮಗಾಯಕರು ಮತ್ತು ಒಂದಿಷ್ಟು ಮಂದಿ.

ಉತ್ತಮ ವೃಂದವನ್ನು ಕೂಡಿಸಿದರೆ 32. ಬಸವಣ್ಣನವರ ಪ್ರಸಿದ್ಧ ವಚನವೊಂದು ಮೈಯನ್ನೇ ವೀಣೆಯಾಗಿ ಕಾಣುತ್ತ 32 ರಾಗಗಳ ಮಾತೆತ್ತುತ್ತದೆ. ಈ ಎರಡು ಮೂವತ್ತೆರಡುಗಳನ್ನು ಹೊಂದಿಸಿ ಒಂದು ಲೇಖನವನ್ನೇ ಬರೆಯಬೇಕೆಂಬ ಆಸೆ ಹುಟ್ಟಿದ್ದುಂಟು. ಒಂದು ಆಳಿನ ಲೆಕ್ಕ, ಇನ್ನೊಂದು ರಾಗದ ಲೆಕ್ಕ. ನಡುವೆ ದಾರಿ ತೋರುವ ಒಂದು ಸಾಲೂ ಇಲ್ಲ. ಬಿಟ್ಟುಕೊಟ್ಟೆ.

ಎಣಿಕೆಗಿಂತ ಹೆಚ್ಚಿನ ವಿಷಯ ಅದರ ಪಕ್ಕದಲ್ಲೇ ಇತ್ತು. ವೃಂದದ ಗುಣಗಳು ಆರು. ಮುಖ್ಯಗಾಯಕನನ್ನು ಅನುಸರಿಸುವುದು. ಒಬ್ಬರ ದನಿ ಇನ್ನೊಬ್ಬರದರಲ್ಲಿ ಬೆರೆಯುವುದು. ತಾಳದಲ್ಲಿ ಲೀನವಾಗಿ ನಡೆಯುವುದು. ಒಬ್ಬನಲ್ಲಿ ತುಂಡಾದುದನ್ನು ಇನ್ನೊಬ್ಬ ನಿಭಾಯಿಸುವುದು. ಮಂದ್ರ, ಮಧ್ಯ, ತಾರ ಮೂರು ಸ್ಥಾನಕ್ಕೂ ದನಿ ಹರಿಯುವುದು. ಶಬ್ದದಲ್ಲಿ ಸಾದೃಶ್ಯವಿರುವುದು. ನಾಲ್ಕನೆಯದಕ್ಕೆ ಶಾರ್ಙ್ಗದೇವ ಇಟ್ಟ ಹೆಸರು ‘ಮಿಥಸ್ತ್ರುಟಿತನಿರ್ವಾಹ’. ತಾನೇ ಮೇಳದಲ್ಲಿ ಕೂತು ಹಾಡದವನಿಗೆ ಇದು ಹೊಳೆಯುವ ಮಾತಲ್ಲ. ಮೇಳದಲ್ಲಿ ತಪ್ಪಬಾರದು ಎಂದು ಆತ ಕಟ್ಟಪ್ಪಣೆ ಮಾಡಲಿಲ್ಲ. ತಪ್ಪುತ್ತದೆ, ತಪ್ಪಿದಾಗ ಪಕ್ಕದವನು ಹಿಡಿಯಬೇಕು ಎಂದ. ಈ ಗ್ರಂಥವನ್ನು ಕನ್ನಡದಲ್ಲಿ ವಿವರಿಸಲು ಬಾಳಿನ ಬಹುಭಾಗ ಕೊಟ್ಟವರು ಮೈಸೂರಿನ ರಾ. ಸತ್ಯನಾರಾಯಣರು. ಸಂಸ್ಕೃತದ ಇಂಥ ಒಂದೊಂದು ಕಗ್ಗಂಟಿನ ಹಿಂದೆ ಒಬ್ಬ ಹಾಡುಗಾರನ ಅನುಭವವಿದೆ ಎಂಬುದನ್ನು ನನಗೆ ಕಲಿಸಿದ್ದು ಅವರ ಬರಹ.

ಮುಖರಿಯ ಹುದ್ದೆ ಎಲ್ಲಿಗೆ ಹೋಯಿತು ಎಂದು ಕೇಳಿದರೆ ಕರಾವಳಿಯವರು ಯಕ್ಷಗಾನದ ಭಾಗವತರನ್ನು ತೋರಿಸಬಹುದು. ಜಾಗಟೆ ಹಿಡಿದು, ಹಾಡಿ, ಚೆಂಡೆ-ಮದ್ದಳೆಗಳನ್ನು ಎಬ್ಬಿಸಿ ತಗ್ಗಿಸಿ, ವೇಷಧಾರಿಯನ್ನು ಕುಣಿಸುವವರು ಅವರೇ. ನೇರ ಸಂಬಂಧವಿದೆಯೆಂದು ನಾನು ಹೇಳುತ್ತಿಲ್ಲ. ಆದರೆ ಭಾಗವತರ ಕೈಯನ್ನು ಒಂದು ರಾತ್ರಿ ಪೂರ್ತಿ ನೋಡಿದ ಮೇಲೆ ಮುಖರಿಯ ಶ್ಲೋಕಗಳು ನನಗೆ ಬೇರೆಯೇ ರೀತಿ ಅರ್ಥವಾದವು.

ನಮ್ಮ ಭಾಗದಲ್ಲಿ ಹುಡುಕಬೇಕಾದದ್ದು ಗೊಂದಲಿಗರ ಮೇಳದಲ್ಲಿ. ಇದನ್ನು ತೋರಿಸಿಕೊಟ್ಟದ್ದು ಒಬ್ಬ ಸೇನಾಪತಿ. ಕಾಕತೀಯ ಗಣಪತಿದೇವನ ಗಜಸೇನೆಯ ನಾಯಕ ಜಾಯಸೇನಾಪತಿ 1253-54ರ ಹೊತ್ತಿಗೆ ‘ನೃತ್ತರತ್ನಾವಳಿ’ ಬರೆದ. ವಿ. ರಾಘವನ್ ಸಂಪಾದಿಸಿದ ಆ ಪುಸ್ತಕದಲ್ಲಿ ಕಲ್ಯಾಣದ ಒಂದು ದಿನ ಉಳಿದಿದೆ. ಕಲ್ಯಾಣ ಕಟಕದಲ್ಲಿ ಭೂತಮಾತೃ ಮಹೋತ್ಸವ. ಭಿಲ್ಲರ ವೇಷ ತೊಟ್ಟ ಹೆಣ್ಣೊಬ್ಬಳು ಕುಣಿದಳು. ನೋಡುತ್ತಿದ್ದ ಸೋಮೇಶ್ವರನಿಗೆ ಅದು ಹಿಡಿಸಿತು. ತಾನೇ ಅದನ್ನು ಚೆನ್ನಾಗಿ ಅಳವಡಿಸಿ ಆಸ್ಥಾನದ ನೃತ್ತಗಳಲ್ಲಿ ಸೇರಿಸಿದ. ಗೊಂಡಲಿ ಎಂದು ಅದಕ್ಕೆ ಹೆಸರು.

ಈ ಪ್ರಸಂಗವನ್ನು ಓದಿ ನಾನು ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಸೋಮೇಶ್ವರ ಸತ್ತು ನೂರಕ್ಕೂ ಹೆಚ್ಚು ವರ್ಷವಾದ ಮೇಲೆ, ಬೇರೆ ರಾಜ್ಯದ ಆನೆಪಡೆಯ ದಂಡನಾಯಕನೊಬ್ಬ ಕಲ್ಯಾಣದ ಬೀದಿಯ ಹಬ್ಬವನ್ನು ನೆನಪಿನಲ್ಲಿ ಇಟ್ಟುಕೊಂಡಿದ್ದಾನೆ. ದೊರೆಯ ಹೆಸರು ದಾಖಲಾಗಿದೆ, ಹಬ್ಬದ ಹೆಸರು ದಾಖಲಾಗಿದೆ. ಕುಣಿದವಳ ಹೆಸರಿಲ್ಲ, ಅವಳನ್ನು ಕುಣಿಸಿದ ಮೇಳದ ಮುಂದಾಳಿನ ಹೆಸರೂ ಇಲ್ಲ. ಬೀದರ ಜಿಲ್ಲೆಯಲ್ಲಿ ಗೊಂದಲಿಗರ ಮನೆತನಗಳು ಇಂದಿಗೂ ಇವೆ. ಸಂಬಾಳ, ತುಂತುಣಿ ಹಿಡಿದು, ದೀವಟಿಗೆ ಹಚ್ಚಿ, ಅಂಬಾಭವಾನಿಯ ಹೆಸರಲ್ಲಿ ರಾತ್ರಿಯಿಡೀ ಹಾಡಿ ಕಥೆ ಹೇಳುತ್ತಾರೆ. ಅಲ್ಲಿ ಮುಂದೆ ನಿಂತವನು ಹಾಡುತ್ತಾನೆ, ಕುಣಿಯುತ್ತಾನೆ, ನಡುನಡುವೆ ಮಾತಾಡುತ್ತಾನೆ, ಹಿಂದಿನವರನ್ನು ನಡೆಸುತ್ತಾನೆ. ಗೀತ, ವಾದ್ಯ, ನೃತ್ಯ, ಕಥೆ ನಾಲ್ಕು ವಿನೋದಗಳೂ ಒಬ್ಬನಲ್ಲಿ. ಹಿಂದೆ ನಾನು ತಡೆದುಕೊಂಡಿದ್ದ ಮಾತನ್ನು ಈಗ ಸ್ವಲ್ಪ ಧೈರ್ಯದಿಂದ ಹೇಳಬಲ್ಲೆ: ಇವು ಒಟ್ಟಿಗೆ ಇರುವ ಮೇಳವೊಂದು ಈ ನೆಲದಲ್ಲಿದೆ, ಅದರ ಹೆಸರನ್ನು ಹೋಲುವ ಹೆಸರು ಕಲ್ಯಾಣದ ದೊರೆಯ ಕಥೆಗೆ ಅಂಟಿಕೊಂಡಿದೆ.

ಶಾಸನಗಳಲ್ಲಿ ಹೆಸರು ಸಿಗುವುದು ಅರಮನೆಯವರದು. ವಿಕ್ರಮಾದಿತ್ಯನ ರಾಣಿ ಚಂದಲದೇವಿಗೆ ನೃತ್ಯವಿದ್ಯಾಧರಿ ಎಂಬ ಬಿರುದಿತ್ತು. ಕಲಚೂರಿ ಸೋವಿದೇವನ ರಾಣಿ ಸಾವಳದೇವಿ ತುಂಬಿದ ಸಭೆಯಲ್ಲಿ ತನ್ನ ಕಲೆ ತೋರಿ ಮೆಚ್ಚಿಸಿದವಳು. ಶರಣರ ಪರಂಪರೆಯಲ್ಲಿ ತ್ರಿಪುರಾಂತಕನ ಮುಂದೆ ಕಿನ್ನರಿ ನುಡಿಸಿದ ಕಿನ್ನರಿ ಬೊಮ್ಮಯ್ಯನಿದ್ದಾನೆ, ವೀಣೆ ಬಲ್ಲ ಸಕಲೇಶ ಮಾದರಸನಿದ್ದಾನೆ. ಬೊಮ್ಮಯ್ಯನ ಅಂಕಿತದಲ್ಲೂ ತ್ರಿಪುರಾಂತಕನೇ ಇದ್ದಾನೆ. ಆದರೆ ಇವರೆಲ್ಲ ತಾವೇ ನುಡಿಸಿದವರು, ತಾವೇ ಕುಣಿದವರು.

ಒಂದು ಬೆಳಿಗ್ಗೆ ಹುಮನಾಬಾದಿಗೆ ಹೊರಟೆ. ಬಸವಕಲ್ಯಾಣದಿಂದ 30 ಕಿಲೋಮೀಟರಿನ ಹಾದಿ; ತೊಗರಿ, ಕಬ್ಬಿನ ಹೊಲಗಳ ನಡುವೆ ಬಸ್ಸು ಸಾಗುತ್ತದೆ. ಮೊದಲು ಹೋದದ್ದು ಹುಮನಾಬಾದಿನ ಆಚೆ ಇರುವ ಜಲಸಂಗವಿಗೆ. ಅಲ್ಲಿಯ ಚಾಲುಕ್ಯ ದೇಗುಲದ ಹೊರಗೋಡೆಯ ತುಂಬ ಮದನಿಕೆಯರು. ಅವರಲ್ಲಿ ಒಬ್ಬಳು ಬರೆಯುತ್ತಿದ್ದಾಳೆ. ಸೊಂಟ ಒಂದು ಕಡೆ, ಹೆಗಲು ಇನ್ನೊಂದು ಕಡೆ ಬಾಗಿಸಿ ನಿಂತು ಕೈಯ ಫಲಕದ ಮೇಲೆ ಅಕ್ಷರ ಕೊರೆಯುತ್ತಿದ್ದಾಳೆ. ಅಕ್ಷರಗಳು ಬರಿಯ ಗೀಚಲ್ಲ, ಓದಲು ಬರುವ ಶಾಸನ: ಚಾಲುಕ್ಯ ವಿಕ್ರಮಾದಿತ್ಯನನ್ನು ಹೊಗಳುವ ಸಂಸ್ಕೃತ ಶ್ಲೋಕ. ಶಾಸನ ಸುಂದರಿ ಎಂದು ಅವಳನ್ನು ಕರೆಯುತ್ತಾರೆ. ಬೆಳಗಿನ ಬಿಸಿಲು ಓರೆಯಾಗಿ ಬೀಳುವಾಗ ಅಕ್ಷರದ ಗುಳಿಗಳಲ್ಲಿ ನೆರಳು ನಿಲ್ಲುತ್ತದೆ, ಓದು ಸುಲಭವಾಗುತ್ತದೆ. ಅಕ್ಕಪಕ್ಕದಲ್ಲಿ ಕುಣಿಯುವ ಹೆಣ್ಣುಗಳಿದ್ದಾರೆ. ಕುಣಿಯುವವರ ಸಾಲಿನಲ್ಲೇ ಬರೆಯುವವಳೂ ಒಬ್ಬಳು ಇದ್ದಾಳಲ್ಲ ಎಂದು ಸಂತೋಷವಾಯಿತು. ಆದರೆ ಅವಳು ಬರೆಯುತ್ತಿರುವುದೂ ದೊರೆಯ ಹೆಸರನ್ನೇ.

ಹಿಂದಿರುಗಿ ಬಂದು, ಹುಮನಾಬಾದಿಗೆ ಅಂಟಿಕೊಂಡಂತೇ ಇರುವ ಮಾಣಿಕನಗರಕ್ಕೆ ಹೋದೆ. ಕಡೆಗೂ ಹೆಸರು, ಹುಟ್ಟು, ಹಾಡು, ಮಾತು ಎಲ್ಲವೂ ಒಂದೆಡೆ ಸಿಗುವ ಜಾಗಕ್ಕೆ ಬಂದಿದ್ದೆ. ಮಾಣಿಕಪ್ರಭುಗಳು ಹುಟ್ಟಿದ್ದು 1817ರ ದತ್ತ ಜಯಂತಿಯಂದು, ಬಸವಕಲ್ಯಾಣದ ಬಳಿಯ ಲಾಡವಂತಿಯಲ್ಲಿ. ಬೆಳೆದದ್ದು ಕಲ್ಯಾಣದಲ್ಲಿ, ಸೋದರಮಾವನ ಮನೆಯಲ್ಲಿ. ಊರೂರು ಸುತ್ತಿ 1845ರಲ್ಲಿ ವಿರಜಾ ಮತ್ತು ಗುರುಗಂಗಾ ಸೇರುವಲ್ಲಿ ನೆಲೆ ನಿಂತರು. ಎಲ್ಲ ಮತಗಳೂ ಸರಿಯೆನ್ನುವ ಸಕಲಮತ ಸಂಪ್ರದಾಯ ಅವರದು. ಹಿಂದೂಗಳೂ ಮುಸಲ್ಮಾನರೂ ಲಿಂಗಾಯತರೂ ಅವರನ್ನು ತಮ್ಮವರೆಂದೇ ನಂಬಿದರು. 1865ರಲ್ಲಿ ಸಮಾಧಿಸ್ಥರಾದರು. ಅವರು ಕಟ್ಟಿದ ಪದಗಳು ಮರಾಠಿಯಲ್ಲಿವೆ, ಹಿಂದಿಯಲ್ಲಿವೆ, ಕನ್ನಡದಲ್ಲಿವೆ. ರಾಗ, ತಾಳಗಳಲ್ಲಿ ಹಾಡಲೆಂದೇ ಕಟ್ಟಿದವು. ಒಂದೇ ಬಾಯಲ್ಲಿ ಹಲವು ನುಡಿ ಎಂಬ ‘ಮಾನಸೋಲ್ಲಾಸ’ದ ಪದ್ಧತಿ 700 ವರ್ಷದ ಮೇಲೆ, 30 ಕಿಲೋಮೀಟರಿನ ಆಚೆ ಮತ್ತೆ ಕಿವಿಗೆ ಬೀಳುತ್ತದೆ. ಬೀದರ ಜಿಲ್ಲೆಯವರಿಗೆ ಇದು ಸೋಜಿಗವಲ್ಲ. ಇಲ್ಲಿ ಸಂತೆಯಲ್ಲಿ ಮೆಣಸಿನಕಾಯಿ ಕೊಳ್ಳುವಷ್ಟರಲ್ಲಿ ಮೂರು ಭಾಷೆ ಆಡಿರುತ್ತೇವೆ.

ಮಾಣಿಕಪ್ರಭುಗಳ ಸುತ್ತ ಸೇರುತ್ತಿದ್ದುದಕ್ಕೆ ದರ್ಬಾರ್ ಎಂದು ಹೆಸರು. ನಿಜಾಮರ ಸೀಮೆಯಲ್ಲಿ ದರ್ಬಾರ್ ಎಂದರೆ ದೊರೆಯ ಓಲಗ. ಇಲ್ಲಿ ಗಾದಿಯ ಮೇಲೆ ಫಕೀರನೊಬ್ಬ ಕೂತು ಹಾಡು ಕೇಳುತ್ತಿದ್ದ, ಹಾಡುಗಾರರನ್ನು ಸತ್ಕರಿಸುತ್ತಿದ್ದ. ಆ ಪದ್ಧತಿ ಇಂದಿಗೂ ಇದೆ. ಪ್ರತಿ ವರ್ಷ ಮಾರ್ಗಶಿರದಲ್ಲಿ ದತ್ತ ಜಯಂತಿಯ ಉತ್ಸವಕ್ಕೆ ಹಿಂದುಸ್ತಾನಿ ಗಾಯಕರೂ ವಾದಕರೂ ಬರುತ್ತಾರೆ. ಟಿಕೆಟ್ಟಿಲ್ಲದ ಸಭೆ, ಹೊಲದ ಕೆಲಸ ಮುಗಿಸಿ ಬಂದವರು ಚಾಪೆಯ ಮೇಲೆ ಕೂತು ಖಯಾಲ್ ಕೇಳುತ್ತಾರೆ. ಮನೋಹರಪ್ರಭು, ಮಾರ್ತಾಂಡಪ್ರಭು, ಶಂಕರಪ್ರಭು, ಸಿದ್ಧರಾಜಪ್ರಭು ಎಂದು ಸಾಗಿಬಂದ ಪೀಠದಲ್ಲಿ ಈಗ ಜ್ಞಾನರಾಜಪ್ರಭುಗಳಿದ್ದಾರೆ. ಪ್ರವಚನವೂ ಪದಗಳೂ ಈ ಪೀಠದ ಎರಡು ಕೈಗಳಿದ್ದಂತೆ. ಸಭೆಗೆ ಮಾತಾಡುವುದು, ಸಭೆಯನ್ನು ಹಾಡಿಸುವುದು ಎರಡೂ ಒಂದೇ ಸ್ಥಾನದ ಹೊಣೆ.

ಅಲ್ಲಿ ಸಂಜೆಯ ಭಜನೆಗೆ ಕೂತಾಗ ನನ್ನ ಕಣ್ಣು ತಾನಾಗಿಯೇ ಮುಂದಿನ ಸಾಲಿಗೆ ಹೋಯಿತು. ಸೊಲ್ಲು ಎತ್ತುವವರೊಬ್ಬರು ಅಲ್ಲಿಯೂ ಇದ್ದರು. ಪೀಠದ ಹೆಸರುಗಳೆಲ್ಲ ವರ್ಷವಾರು ದಾಖಲಾಗಿವೆ. ಈ ಮುಂದಿನ ಸಾಲಿನವರ ಪಟ್ಟಿ ಯಾರ ಬಳಿಯೂ ಇಲ್ಲ. ಅವರಿಗೆ ಇದನ್ನು ಕಲಿಸಿದವರು ಯಾರು, ಅವರಿಗಿಂತ ಹಿಂದೆ ಯಾರು ಕೂರುತ್ತಿದ್ದರು ಎಂದು ಕೇಳಿ ಬರೆದುಕೊಂಡೆ. ಮೂರು ತಲೆಮಾರು ಬಂತು. ಆಚೆಗೆ ಅವರಿಗೂ ನೆನಪಿರಲಿಲ್ಲ. ಆ ಮೂರು ತಲೆಮಾರಿನ ಪುಟವೇ ನನ್ನ ಈ ಹುಡುಕಾಟದಲ್ಲಿ ಅಚ್ಚಿನ ಪುಸ್ತಕಗಳಲ್ಲಿ ಇಲ್ಲದ ದಾಖಲೆ. ಅಂಥ ಪುಟಗಳನ್ನು ಈಗ ಊರೂರಿನಿಂದ ಕೂಡಿಸುತ್ತಿದ್ದೇನೆ. ಮೊದಲು ಬರೆಯಬೇಕಾದವರು ಎಂಬತ್ತು ದಾಟಿದವರು.

ಮುಂದಿನ ಸೋಮವಾರ ಬಸವಕಲ್ಯಾಣದ ಗುಡಿಗೆ ಹೋದೆ. ಹೆಸರು ಸಿಗಲಿಲ್ಲ ಕಾಕಾ, ಕೆಲಸದ ಹೆಸರು ಸಿಕ್ಕಿದೆ, ಎಂದು ಮುಖರಿಯ ವಿಷಯ ಹೇಳಿದೆ. ವೃಂದದ ಆರು ಗುಣಗಳನ್ನು ಒಂದೊಂದಾಗಿ ಓದಿದೆ. ಕಣ್ಣು ಮುಚ್ಚಿ ಕೇಳುತ್ತಿದ್ದವರು ನಾಲ್ಕನೆಯದಕ್ಕೆ ಕೈ ಎತ್ತಿ ತಡೆದರು.

“ಇದೊಂದು ಮತ್ತ ಓದ್ರಿ.”

ಓದಿದೆ. ಅರ್ಥವನ್ನೂ ಹೇಳಿದೆ.

“ಅಂದ್ರ, ಒಬ್ಬಂದು ಉಸಿರು ಮುಗದ್ರ ಇನ್ನೊಬ್ಬ ಹಿಡೀಬೇಕು. ಅದೇ ಅಲ್ರಿ? ನಮ್ಮ ಗುರುಗಳು ದಿನಾ ಇದನ್ನೇ ಅಂತಿದ್ರು.”

“ನಿಮ್ಮ ಗುರುಗಳ ಹೆಸರೇನು ಕಾಕಾ?”

ಹೇಳಿದರು. ಅವರ ಗುರುಗಳ ಹೆಸರನ್ನೂ ಹೇಳಿದರು. ನಾನು ಬರೆದುಕೊಳ್ಳುವುದನ್ನು ನೋಡುತ್ತ ಒಂದು ಗಳಿಗೆ ಸುಮ್ಮನಿದ್ದು, “ತಾರೀಖು ಭೀ ಹಾಕ್ರಿ” ಎಂದರು. ಆಮೇಲೆ ತಬಲಾದ ಹುಡುಗನ ಕಡೆ ತಿರುಗಿ ಗದ್ದ ಎತ್ತಿದರು.